ಅಕ್ಕ ತಿದ್ದಿಸಿದ ಗೋಡೆಬರಹ

ಡಾಕ್ಟರು ರಿಪೋರ್ಟನ್ನು ಎರಡು ಸಲ ಓದಿ ಮಡಚಿಟ್ಟರು. ಅಕ್ಕನ ಎದೆಯಲ್ಲಿದ್ದ ಗಂಟು ಕ್ಯಾನ್ಸರಿನದೇ ಎಂದು ಮೆಲ್ಲಗೆ ಹೇಳಿದರು. ಅಕ್ಕ ಅಳಲಿಲ್ಲ. ಮೂವತ್ತೈದು ವರ್ಷ ಸರಕಾರಿ ಶಾಲೆಯಲ್ಲಿ ಕಲಿಸಿದವಳು ಅವಳು. ಲೆಕ್ಕ ತಪ್ಪು ಬಿಡಿಸಿದ ಮಕ್ಕಳನ್ನು ನೋಡುವ ಹಾಗೆಯೇ ಡಾಕ್ಟರನ್ನು ನೋಡಿದಳು.

"ಇದು ಬ್ಯಾರೆ ಯಾರದೋ ರಿಪೋರ್ಟ್ ಇರಬೇಕ್ರಿ. ಜರಾ ಇನ್ನೊಮ್ಮಿ ನೋಡ್ರಿ. ನಾ ದಿನಾ ಎರಡೂ ಹೊತ್ತು ಸೊಪ್ಪು ತಪ್ಪಲ ಪಲ್ಯ ತಿಂತೇನಿ."

"ಹೆಸರು, ವಯಸ್ಸು ಎಲ್ಲಾ ನಿಮ್ಮದೇ ಅದ ಅಮ್ಮಾರ."

"ಹಣ್ಣೂ ತಿಂತೇನ್ರಿ," ಎಂದಳು ಅಕ್ಕ.

ಡಾಕ್ಟರು ಚಿಕ್ಕ ವಯಸ್ಸಿನ ಹೆಣ್ಣುಮಗಳು. ನಗಲೂ ಆಗದೆ ಸುಮ್ಮನಿರಲೂ ಆಗದೆ ನನ್ನ ಕಡೆ ನೋಡಿದರು. ನನ್ನ ಬಾಯಿ ತುಂಬ ಗುಟಕಾ ಇತ್ತು, ಹಾಗಾಗಿ ನನಗೂ ಮಾತಾಡಲು ಬರುವಂತಿರಲಿಲ್ಲ.

ಅಕ್ಕ ಯಾಕೆ ಹಾಗೆಂದಳು ಎಂಬುದು ನನಗೆ ಗೊತ್ತಿತ್ತು. ನಮ್ಮವ್ವ ತೀರಿಕೊಂಡಾಗ ನನಗೆ ಆರು ವರ್ಷ, ಅಕ್ಕನಿಗೆ ಹದಿನೈದು. ಅಪ್ಪ ಭಾಲ್ಕಿಯಲ್ಲಿ ರೈಲ್ವೆ ಹಳಿ ನೋಡಿಕೊಳ್ಳುವ ಗ್ಯಾಂಗಿನಲ್ಲಿದ್ದ. ಬೆಳಗ್ಗೆ ಹೋದರೆ ಸಂಜೆಗೇ ಬರುತ್ತಿದ್ದ. ಮನೆಯ ಹಿಂದೆ ಬಚ್ಚಲ ನೀರು ಹರಿದುಹೋಗುವ ಕಡೆ ಅಕ್ಕ ನಾಲ್ಕು ಮಡಿ ಮಾಡಿದಳು. ಮೆಂತ್ಯ, ರಾಜಗಿರಿ, ಪುಂಡಿ ಸೊಪ್ಪು, ಮೂಲಂಗಿ ಬೆಳೆದಳು. ನನಗೆ ಅದೇ ಊಟ. ರೊಟ್ಟಿಯೊಳಗೆ ಪಲ್ಯ ಸುತ್ತಿ ಕೈಗೆ ಕೊಟ್ಟು, ಪೂರ್ತಿ ತಿನ್ನುವವರೆಗೆ ಎದುರಿಗೇ ಕುಳಿತುಕೊಳ್ಳುತ್ತಿದ್ದಳು. ನಾನು ಪಲ್ಯ ಉದುರಿಸಿ ರೊಟ್ಟಿ ಮಾತ್ರ ತಿಂದರೆ, ಉದುರಿದ್ದನ್ನು ಎತ್ತಿ ಮತ್ತೆ ಸುತ್ತಿ ಕೊಡುತ್ತಿದ್ದಳು. ಹಾಗೆ ನನ್ನನ್ನು ಬೆಳೆಸುತ್ತಲೇ ತಾನೂ ಓದಿದಳು. ನಮ್ಮ ಓಣಿಯಿಂದ ಮಾಸ್ತರಿಕೆಗೆ ಹೋದ ಮೊದಲ ಹೆಣ್ಣುಮಗಳು ಅವಳೇ. ಔರಾದಿಗೆ ಕೆಲಸ ಆಯಿತು. ಅಲ್ಲೇ ಒಂದು ಕೋಣೆ ಬಾಡಿಗೆ ಹಿಡಿದಳು, ಅಲ್ಲೇ ಮುಖ್ಯ ಶಿಕ್ಷಕಿಯಾದಳು. ನಿವೃತ್ತಿಯಾದ ಮೇಲೆ ಭಾಲ್ಕಿಯ ಮನೆಗೆ ಮರಳಿದಳು. ಮದುವೆಯಾಗಲಿಲ್ಲ. ಕೇಳಿದವರಿಗೆಲ್ಲ, "ತಮ್ಮನ ಒಬ್ಬನ್ನ ಸಾಕೋದೇ ಸಾಕಾಗ್ಯಾದ," ಎನ್ನುತ್ತಿದ್ದಳು.

ಆ ತಮ್ಮ, ಅಂದರೆ ನಾನು, ಬಸ್ ಕಂಡಕ್ಟರನಾದೆ. ಬೀದರ–ಔರಾದ ದಾರಿಯಲ್ಲೇ ನನ್ನ ಅರ್ಧ ಆಯುಷ್ಯ ಹೋಯಿತು. ಕಂಡಕ್ಟರನ ಹೊಟ್ಟೆ ಬಸ್‌ಸ್ಟ್ಯಾಂಡಿಗೆ ಸೇರಿದ್ದು. ಎಣ್ಣೆಯಲ್ಲಿ ಕರಿದ ಮಿರ್ಚಿ, ಚುರುಮುರಿ, ಎರಡು ಕಪ್ ಚಹಾ, ನಡುನಡುವೆ ಗುಟಕಾ. ಹೆಂಡತಿ ಕಟ್ಟಿಕೊಟ್ಟ ಡಬ್ಬಿಯ ಪಲ್ಯವನ್ನು ನನ್ನ ಡ್ರೈವರ್ ಗೆಳೆಯ ತಿನ್ನುತ್ತಿದ್ದ. ಅವನು ಬೀದರಿನ ಹಳೇ ಊರಿನವನು. ಮನೆಯಲ್ಲಿ ದಖನಿ ಉರ್ದು ಮಾತಾಡಿದರೂ ಸ್ಟಿಯರಿಂಗ್ ಹಿಡಿದ ಮೇಲೆ ಕನ್ನಡವೇ. ಅಕ್ಕನನ್ನು ಅವನೂ ತನ್ನ ಮಾತಿನಲ್ಲಿ ಅಕ್ಕ ಎನ್ನುವ ಹಾಗೆ ಆಪಾ ಎಂದು ಕರೆಯುತ್ತಿದ್ದ. ನಾನು ಪಲ್ಯ ತಿನ್ನುವುದಿಲ್ಲ ಎಂಬ ಸುದ್ದಿಯನ್ನು ಅವಳಿಗೆ ತಪ್ಪದೆ ಮುಟ್ಟಿಸುತ್ತಿದ್ದವನೂ ಅವನೇ.

ಔರಾದಿನ ಶಾಲೆಯಲ್ಲಿ ಬಿಸಿಯೂಟ ಬೇಯಿಸುವ ಕೋಣೆಯ ಹೊರಗೋಡೆಗೆ ಅಕ್ಕ ನೀಲಿ ಬಣ್ಣದಲ್ಲಿ ಒಂದು ಸಾಲು ಬರೆಸಿದ್ದಳು: "ದಿನಾಲು ಹಣ್ಣು ತರಕಾರಿ ತಿನ್ನುವವರ ಹತ್ತಿರ ಕ್ಯಾನ್ಸರ್ ಸುಳಿಯುವುದಿಲ್ಲ." ಎಲ್ಲೋ ಪೇಪರಿನಲ್ಲಿ ಏನೋ ಓದಿ, ಅದನ್ನು ಮಕ್ಕಳಿಗೆ ತಿಳಿಯುವ ಹಾಗೆ ತಾನೇ ಚುಟುಕು ಮಾಡಿದ್ದಳು. ಮಕ್ಕಳು ಊಟದ ಸಾಲಿನಲ್ಲಿ ನಿಂತು ಅದನ್ನು ಗಟ್ಟಿಯಾಗಿ ಓದಿ ತಟ್ಟೆ ಮುಂದೆ ಮಾಡಬೇಕಿತ್ತು.

ದವಾಖಾನೆಯಿಂದ ಬೀದರಿನ ನೌಬಾದದಲ್ಲಿರುವ ನಮ್ಮ ಮನೆಗೆ ಆಟೋದಲ್ಲಿ ಬರುವಾಗ ಅಕ್ಕ ರಿಪೋರ್ಟಿನ ಮೇಲಿನ ತನ್ನ ಹೆಸರನ್ನು ಇನ್ನೊಮ್ಮೆ ಓದಿದಳು. ಆಮೇಲೆ ನನ್ನ ಕಡೆ ತಿರುಗಿ, "ಬರೋದಿದ್ರ ನಿನಗ ಬರಬೇಕಿತ್ತಲ್ಲೋ," ಎಂದಳು. ಹೇಳಿದ ಮೇಲೆ ಎಂಥ ಮಾತು ಹೇಳಿದೆನೆಂದು ಅವಳಿಗೇ ಗಾಬರಿಯಾಯಿತು. ನನ್ನ ಕೈ ಹಿಡಿದುಕೊಂಡಳು. ನಾನು ನಕ್ಕೆ. ಅವಳೂ ನಕ್ಕಳು. ಆಟೋದವನು ಕನ್ನಡಿಯಲ್ಲಿ ನೋಡಿ, ಇವರಿಗೆ ಒಳ್ಳೇ ಸುದ್ದಿ ಸಿಕ್ಕಿರಬೇಕು ಎಂದುಕೊಂಡಿರಬೇಕು.

ಆಪರೇಷನ್ ಬೀದರಿನಲ್ಲೇ ಆಯಿತು. ಗಂಟು ಇನ್ನೂ ಸಣ್ಣದಿತ್ತು, ಬೇಗ ಬಂದಿದ್ದೀರಿ ಎಂದರು. ಆಮೇಲೆ ಕೀಮೋ. ಅಷ್ಟೂ ತಿಂಗಳು ಅಕ್ಕ ನಮ್ಮ ಮನೆಯಲ್ಲೇ ಇದ್ದಳು. ಭಾಲ್ಕಿಯ ನೆರೆಯವರಿಗೆ ಮೊಣಕಾಲು ನೋವು ಎಂದು ಹೇಳಿಸಿದ್ದಳು.

"ಮಂದಿಗಿ ಹೇಳಿದ್ರ ಏನಾಗ್ತದ ಅಕ್ಕಾ? ಕಳ್ಳತನ ಮಾಡೀಯೇನು?" ಎಂದು ಕೇಳಿದೆ.

"ನಿಂಗ ತಿಳ್ಯಂಗಿಲ್ಲ. ಔರಾದದಾಗ ಎಷ್ಟು ಹುಡುಗರಿಗಿ ಗಜ್ಜರಿ ತರಕಾರಿ ತಿನ್ನಿಸೀನಿ ಗೊತ್ತದೇನು? ಈಗ ಅವರೆಲ್ಲ, ನಮ್ಮ ಮೇಡಂಗೇ ಬಂತಂತ ಅಂತಾರ."

ರೋಗದ ಹೆದರಿಕೆಗಿಂತ ಈ ನಾಚಿಕೆಯೇ ಅವಳನ್ನು ಹೆಚ್ಚು ಹಿಂಡಿತು. ಮೊದಲ ಕೀಮೋ ಆದ ವಾರ ನನ್ನ ಹೆಂಡತಿ ಮೆಂತ್ಯದ ಪಲ್ಯ, ಹೆಸರುಬೇಳೆ ಸಾರು ಮಾಡಿ ತಟ್ಟೆ ತಂದಿಟ್ಟಳು. ಅಕ್ಕ ತಟ್ಟೆಯನ್ನು ಬೆರಳಿನಿಂದ ಪಕ್ಕಕ್ಕೆ ಸರಿಸಿದಳು.

"ಇವತ್ತಿಂದ ನಾ ಪಲ್ಯ ತಿನ್ನಂಗಿಲ್ಲ."

"ಅಕ್ಕಾರ, ಹಂಗಂದ್ರ ಹ್ಯಾಂಗ್ರಿ?" ಎಂದಳು ಹೆಂಡತಿ.

"ಐವತ್ತು ವರ್ಷ ತಿಂದೆ. ಏನು ಮಾಡ್ತು ಅದು ನಂಗ?" ಎಂದವಳೇ ನನ್ನನ್ನು ಕರೆದು, "ನೀ ದಿನಾ ತಿಂತೀಯಲ್ಲ, ಆ ಬಸ್‌ಸ್ಟ್ಯಾಂಡ್ ಮಿರ್ಚಿ, ಅವು ಮೂರು ತಗೊಂಡು ಬಾ," ಎಂದಳು.

ತಂದುಕೊಟ್ಟೆ. ಅಕ್ಕ ಹಾಸಿಗೆಯ ಮೇಲೆ ಕುಳಿತು, ತಲೆಗೆ ಟವೆಲ್ ಸುತ್ತಿಕೊಂಡು, ಮೂರೂ ಮಿರ್ಚಿ ತಿಂದಳು. ಕಣ್ಣಲ್ಲಿ ಮೂಗಲ್ಲಿ ನೀರು ಸುರಿಯಿತು. "ಇಷ್ಟು ದಿನ ಇದನ್ನ ನೀ ಒಬ್ಬನೇ ತಿಂದೀಯಲ್ಲೋ," ಎಂದಳು. ಸಂಜೆಗೆ ಎಲ್ಲವೂ ವಾಂತಿಯಾಯಿತು. ಹೆಂಡತಿ ನನ್ನ ಜೊತೆ ಎರಡು ದಿನ ಮಾತಾಡಲಿಲ್ಲ.

ಇತ್ತ ಡ್ರೈವರ್ ಗೆಳೆಯ ಸುಮ್ಮನಿರಲಿಲ್ಲ. ದಾರಿಯಲ್ಲಿ ಎಲ್ಲಿ ಒಳ್ಳೇ ಹಣ್ಣು ಕಂಡರೂ ಆಪಾಗೆ ಎಂದು ಕಟ್ಟಿಸುತ್ತಿದ್ದ. ಒಂದು ದಿನ ಪೇರಲ, ಒಂದು ದಿನ ಸೀತಾಫಲ, ಇನ್ನೊಂದು ದಿನ ತಲೆಯಷ್ಟು ದೊಡ್ಡ ಪರಂಗಿ. ಇದು ತಿಂದರೆ ಬಿಮಾರಿ ಬೇರುಸಹಿತ ಹೋಗುತ್ತದೆ ಎಂದು ಅವನಿಗೆ ಯಾರೋ ಮೊಬೈಲಿನಲ್ಲಿ ಕಳಿಸಿದ್ದರಂತೆ. ಅಕ್ಕ ಹಣ್ಣುಗಳ ರಾಶಿ ನೋಡಿದಷ್ಟೂ ಸಿಟ್ಟಾಗುತ್ತಿದ್ದಳು. ಓಣಿಯ ಮಕ್ಕಳು ಮಾತ್ರ ಆ ತಿಂಗಳು ಚೆನ್ನಾಗಿ ತಿಂದವು.

ಮುಂದಿನ ಸಲ ದವಾಖಾನೆಗೆ ಹೋದಾಗ ಹೆಂಡತಿ ಡಾಕ್ಟರಿಗೆ ಎಲ್ಲವನ್ನೂ ಹೇಳಿಬಿಟ್ಟಳು. ಪಲ್ಯ ಬಿಟ್ಟದ್ದು, ಮಿರ್ಚಿ ತಿಂದದ್ದು, ನಾನು ತಂದುಕೊಟ್ಟದ್ದು. ಡಾಕ್ಟರು ಕುರ್ಚಿ ಎಳೆದು ಅಕ್ಕನ ಪಕ್ಕ ಕುಳಿತರು. ಆದರೆ ಪ್ರಶ್ನೆ ಕೇಳಿದ್ದು ನನ್ನನ್ನು.

"ನೀವು ಕಂಡಕ್ಟರ್ ಅಲ್ರೀ? ಬಸ್ಸಿನ ಬ್ರೇಕ್ ಬರೋಬರಿ ಇದ್ರ ಆಕ್ಸಿಡೆಂಟ್ ಆಗೋದೇ ಇಲ್ಲೇನು?"

"ಕಡಿಮಿ ಆಗ್ತಾವ್ರಿ. ಆದ್ರ ಹಿಂದಿಂದ ಲಾರಿ ಬಂದು ಗುದ್ದಿದ್ರ ನಮ್ಮ ಬ್ರೇಕ್ ಏನು ಮಾಡ್ತದ?"

"ಗುದ್ದಿತು ಅಂತ ಸಿಟ್ಟಿಗಿ ಬಂದು ಬ್ರೇಕ್ ಬಿಚ್ಚಿ ಒಗೀತೀರೇನು?"

ನಾನು ಅಕ್ಕನ ಮುಖ ನೋಡಿದೆ. ಅಕ್ಕನೊಳಗಿನ ಮಾಸ್ತರಿಣಿ ಎದ್ದು ಕುಳಿತಿದ್ದಳು.

"ಕಡಿಮಿ ಅಂದ್ರ ಎಷ್ಟು ಕಡಿಮಿ? ಬರೋಬರಿ ಹೇಳ್ರಿ," ಎಂದಳು.

"ಎಲ್ಲಾ ಕ್ಯಾನ್ಸರಿಗೂ ಒಂದೇ ಲೆಕ್ಕ ಇಲ್ರಿ ಅಮ್ಮಾರ. ಬಾಯಿ, ಗಂಟಲು, ಹೊಟ್ಟಿ, ಕರುಳು, ಇಂಥಾವು ಬರೋದು ಸ್ವಲ್ಪ ಕಡಿಮಿ ಆಗಬಹುದು ಅಂತ ಕಾಣ್ತದ. ನಿಮಗ ಬಂದದ್ದರ ಬಗ್ಗೆ ಅಷ್ಟು ಗಟ್ಟಿಯಾಗಿ ಹೇಳಲಾಕ ಬರಂಗಿಲ್ಲ. ಮತ್ತ ಇನ್ನೊಂದದ. ಪಲ್ಯ ತಿನ್ನೋ ಮಂದಿ ಬೀಡಿ ತಂಬಾಕು ಮುಟ್ಟೋದೂ ಕಡಿಮಿ, ಕೆಲಸ ಮಾಡಿ ಅಡ್ಡಾಡೋದೂ ಜಾಸ್ತಿ. ಹಂಗಾಗಿ ಎಲ್ಲಾ ಹೆಸರೂ ಪಲ್ಯಕ್ಕೇ ಕೊಡಲಾಕ ಆಗಂಗಿಲ್ಲ."

"ಹಂಗಾರ ಪಲ್ಯ ಸುಳ್ಳು ಹೇಳಿಲ್ಲ. ನಾನೇ ಜಾಸ್ತಿ ಹೇಳೀನಿ," ಎಂದಳು ಅಕ್ಕ ನಿಧಾನವಾಗಿ.

"ತಿನ್ರಿ. ಮೈಗಿ ಬಲ ಬೇಕು ಈಗ. ಆದ್ರ ಬಂದ ಕ್ಯಾನ್ಸರಿಗಿ ಹಣ್ಣು ಔಷಧಿ ಅಲ್ಲ. ಅದಕ್ಕ ನಾವಿದ್ದೇವಿ."

ಇಷ್ಟು ಹೇಳಿ ಡಾಕ್ಟರು ನನ್ನ ಕಡೆ ತಿರುಗಿ, "ಈಗ ನೀವು ಬಾಯಿ ತೆಗೀರಿ," ಎಂದರು. ನಾನು ಬೇಡವೆಂದೆ. ಅಕ್ಕ, "ತೆಗಿ," ಎಂದಳು. ಆ ದನಿಗೆ ಆರನೇ ವಯಸ್ಸಿನಿಂದಲೂ ನನ್ನ ಬಾಯಿ ತಾನಾಗಿಯೇ ತೆರೆಯುತ್ತದೆ. ಡಾಕ್ಟರು ಟಾರ್ಚ್ ಹಿಡಿದು ನೋಡಿದರು. ಎಡಗೆನ್ನೆಯ ಒಳಗೆ, ಗುಟಕಾ ಒತ್ತಿಡುತ್ತಿದ್ದ ಜಾಗದಲ್ಲಿ, ಒಂದು ಬಿಳಿ ಕಲೆ ಇತ್ತು. ಅದೇ ದಿನ ಹಲ್ಲಿನ ಡಾಕ್ಟರ ಹತ್ತಿರ ಕಳಿಸಿದರು. ಅವರು ಚೂರು ತೆಗೆದು ಪರೀಕ್ಷೆಗೆ ಕೊಟ್ಟರು. ವಾರದ ನಂತರ, ಇದಿನ್ನೂ ಕ್ಯಾನ್ಸರ್ ಅಲ್ಲ, ಆದರೆ ಗುಟಕಾ ಬಿಡದಿದ್ದರೆ ಆಗಬಹುದು ಎಂದರು.

ಆ ಒಂದು ವಾರ ನಾನು ನಿದ್ದೆ ಮಾಡಲಿಲ್ಲ, ಅದು ಬೇರೆ ಮಾತು. ಆದರೆ ಅಕ್ಕನ ಜೀವಕ್ಕೆ ಮಾತ್ರ ಕೆಲಸ ಸಿಕ್ಕಿತು. ತನ್ನ ಕೀಮೋ, ಉದುರಿದ ಕೂದಲು ಎಲ್ಲ ಮರೆತು ನನ್ನ ಹಿಂದೆ ಬಿದ್ದಳು. ಅಂಗಿಯ ಜೇಬು ತಡಕಿದಳು. ಟಿಕೆಟ್ ಮಷಿನ್ನಿನ ಚೀಲ ಝಾಡಿಸಿದಳು. ಡ್ರೈವರ್ ಗೆಳೆಯನಿಗೆ ಫೋನ್ ಮಾಡಿ, "ಇವನ ಮ್ಯಾಲ ಕಣ್ಣಿಡು," ಎಂದಳು. ಅವನು, "ಫಿಕರ್ ಬಿಡ್ರಿ ಆಪಾ, ಗುಟಕಾ ತಿಂದ್ರ ಇವನ್ನ ನಡುದಾರಿ ಸಂತಪುರದಾಗೇ ಇಳಿಸಿ ಬಿಡ್ತೇನಿ," ಎಂದ. ಒಮ್ಮೆ ಇಳಿಸಿಯೂ ಇಳಿಸಿದ. ಬಸ್ಸು ನೂರು ಹೆಜ್ಜೆ ಮುಂದೆ ಹೋಗಿ ನಿಂತಿತು. ನಾನು ಗುಟಕಾ ಚೀಟಿ ಬಿಸಾಕಿ ಓಡಿಹೋಗಿ ಹತ್ತಿದೆ. ಒಳಗಿದ್ದ ಪ್ಯಾಸೆಂಜರುಗಳಿಗೆಲ್ಲ ಅವನು ಕಾರಣ ಹೇಳಿಬಿಟ್ಟಿದ್ದ. ಒಬ್ಬ ಮುದುಕಿ ಎದ್ದು ನನ್ನ ಕೈಗೆ ಎರಡು ಲವಂಗ ಕೊಟ್ಟಳು.

ಊಟದ ಹೊತ್ತಿಗೆ ಅಕ್ಕ ನನ್ನ ಎದುರು ಕುಳಿತು ಪಲ್ಯ ಬಡಿಸುತ್ತಿದ್ದಳು. ನಾನು, "ನೀ ತಿಂದ್ರ ನಾ ತಿಂತೇನಿ," ಎಂದೆ. ಅವಳು ತನ್ನ ತಟ್ಟೆಗೂ ಹಾಕಿಕೊಂಡಳು. ಪುಂಡಿ ಪಲ್ಯ. ಒಂದು ತುತ್ತು ತಿಂದು, "ಇದನ್ನ ಬಿಟ್ಟು ನಾ ಆ ಮಿರ್ಚಿ ತಿಂದೆ ನೋಡು," ಎಂದು ತಲೆ ಅಲ್ಲಾಡಿಸಿದಳು. ಹೆಂಡತಿ ಒಳಗಿನಿಂದ ಬಂದು ಇಬ್ಬರಿಗೂ ತುಪ್ಪ ಹಾಕಿ ಹೋದಳು.

ಚಿಕಿತ್ಸೆ ಮುಗಿಯಿತು. ಅಕ್ಕನ ತಲೆಯಲ್ಲಿ ಕುರಿಮರಿಗಳ ಕೂದಲಿನಂಥ ಮೆತ್ತಗಿನ ಕೂದಲು ಬಂತು. ಒಂದು ಬೆಳಗ್ಗೆ ನಾನು ಡ್ಯೂಟಿಗೆ ಹೊರಟಾಗ ಅವಳೂ ಸೀರೆ ಉಟ್ಟು ಬಾಗಿಲಲ್ಲಿ ನಿಂತಿದ್ದಳು.

"ಔರಾದಕ್ಕ ಬರ್ತೇನಿ. ನಾ ಬರೆಸಿದ್ದು ಆ ಗ್ವಾಡಿ ಮ್ಯಾಲ ಇನ್ನೂ ಕುಂತದ. ಅಳಿಸಬೇಕು."

ನೀಲಿ ಬಣ್ಣದ ಡಬ್ಬಿ, ಸುಣ್ಣ, ಎರಡು ಬ್ರಷ್ ಎಲ್ಲ ಹಿಂದಿನ ದಿನವೇ ತರಿಸಿಟ್ಟಿದ್ದಳು. ನಾನು ರಜೆ ಬರೆದುಕೊಟ್ಟೆ. ನಮ್ಮದೇ ಬಸ್ಸಿನಲ್ಲಿ, ಬೇರೆ ಕಂಡಕ್ಟರನಿಂದ ಟಿಕೆಟ್ ತೆಗೆದುಕೊಂಡು ಹೋದೆವು. ಡ್ರೈವರ್ ಗೆಳೆಯ ಅಕ್ಕನನ್ನು ಮುಂದಿನ ಸೀಟಿನಲ್ಲಿ ಕೂರಿಸಿ, ಆ ದಿನ ಗುಂಡಿಗಳನ್ನೆಲ್ಲ ಬಳಸಿ ಬಳಸಿ ಓಡಿಸಿದ.

ಶಾಲೆಯ ಈಗಿನ ಮುಖ್ಯ ಶಿಕ್ಷಕರು ಅಕ್ಕನನ್ನು ನೋಡಿ ಎದ್ದು ನಿಂತರು. ವಿಷಯ ಕೇಳಿ ಹಿಂಜರಿದರು. "ಒಳ್ಳೇ ಮಾತೇ ಅದಲ್ರೀ ಮೇಡಂ. ಹುಡುಗ್ರು ತರಕಾರಿ ತಿಂತಾವ. ಇರಲಿ ಬಿಡ್ರಿ."

ಅಕ್ಕ ಏನು ಹೇಳುತ್ತಿದ್ದಳೋ, ಅಷ್ಟರಲ್ಲಿ ಅಡುಗೆಕೋಣೆಯಿಂದ ಬಿಸಿಯೂಟದ ಅಡುಗೆಯಾಕೆ ಕೈ ಒರೆಸಿಕೊಳ್ಳುತ್ತ ಬಂದಳು. ಅಕ್ಕ ಇದ್ದ ಕಾಲದಿಂದಲೂ ಅಲ್ಲೇ ಅಡುಗೆ ಮಾಡುತ್ತಿದ್ದವಳು. ಅವಳ ತಾಯಿ ಔರಾದಿನ ಬಜಾರಿನಲ್ಲಿ ತಪ್ಪಲು, ಅಂದರೆ ಸೊಪ್ಪು, ಮಾರುತ್ತಾಳೆ.

"ಅಳಿಸಿ ಬಿಡ್ರಿ ಸರ್," ಎಂದಳು ಆಕೆ.

ಎಲ್ಲರೂ ಅವಳ ಕಡೆ ನೋಡಿದೆವು.

"ನಮ್ಮವ್ವಗ ಕರುಳಿನ ಕ್ಯಾನ್ಸರ್ ಆಗಿತ್ತು ಮೇಡಂ. ನಾಕು ವರ್ಷ ಆಯ್ತು. ನೀವು ಆಗ ಹೋಗಿದ್ರಿ ಇಲ್ಲಿಂದ. ಅಕಿ ಹುಟ್ಟಿದಾಗಿಂದ ತಪ್ಪಲಾನೇ ಮಾರ್ಯಾಳ, ತಪ್ಪಲಾನೇ ತಿಂದಾಳ. ಆದ್ರ ಈ ಗ್ವಾಡಿ ಓದಿದ ಮಂದಿ ಏನಂದ್ರು ಗೊತ್ತದೇನ್ರಿ? ಛಲೋದು ಮಾರಿ ಕೊಳತದ್ದು ತಿಂದಾಳ, ಅದಕ್ಕ ಬಂದದ ಅಂದ್ರು. ನಾ ದಿನಾ ಈ ಗ್ವಾಡಿಗಿ ಬೆನ್ನ ಮಾಡೇ ಅನ್ನ ಬಡಸ್ತೇನಿ."

ಅಕ್ಕ ಅಲ್ಲೇ ಕಟ್ಟೆಯ ಮೇಲೆ ಕುಳಿತುಬಿಟ್ಟಳು. "ನಂದು ತಪ್ಪಾಯ್ತು ತಂಗಿ. ನನಗ ಬರೋ ತನಕ ತಿಳೀಲಿಲ್ಲ," ಎಂದಳು. ತಲೆಯ ಮೇಲಿನ ಸೆರಗು ಸರಿಸಿ ಆ ಸಣ್ಣ ಕೂದಲು ತೋರಿಸಿದಳು. ನಾಲ್ಕು ಜನರ ಮುಂದೆ ಅವಳು ತನ್ನ ಕಾಯಿಲೆಯನ್ನು ಒಪ್ಪಿಕೊಂಡದ್ದು ಅದೇ ಮೊದಲು. ಅಡುಗೆಯಾಕೆ ಅವಳ ಪಕ್ಕ ಕುಳಿತು ಕೈ ಹಿಡಿದುಕೊಂಡಳು. ಮುಖ್ಯ ಶಿಕ್ಷಕರು ಒಳಗೆ ಹೋಗಿ ತಾವೇ ಏಣಿ ಹೊತ್ತು ತಂದರು.

ಸುಣ್ಣ ನಾನು ಹೊಡೆದೆ. ಅದು ಒಣಗುವ ಹೊತ್ತಿಗೆ ಏನು ಬರೆಯಬೇಕೆಂಬ ಚರ್ಚೆ ಜೋರಾಯಿತು. ಡಾಕ್ಟರು ಹೇಳಿದ್ದೆಲ್ಲವನ್ನೂ ಬರೆಯಬೇಕೆಂದು ಅಕ್ಕನ ಹಟ. ಅಷ್ಟು ಬರೆಯಲು ಇನ್ನೂ ಎರಡು ಗೋಡೆ ಬೇಕಾಗುತ್ತದೆ ಎಂದೆ ನಾನು. ಮುಖ್ಯ ಶಿಕ್ಷಕರು ಪ್ರಾಸ ಇದ್ದರೆ ಚೆನ್ನ ಎಂದರು. ಚುಟುಕು ಮಾಡಲು ಹೋಗಿಯೇ ಹಿಂದೆ ಕೆಟ್ಟದ್ದು ಎಂದಳು ಅಕ್ಕ. ಯಾರೋ ಹೋಗಿ ಹೇಳಿದ್ದಕ್ಕೆ ಬಜಾರಿನಿಂದ ಅಡುಗೆಯಾಕೆಯ ತಾಯಿಯೂ ಬುಟ್ಟಿ ಸಮೇತ ಬಂದಳು. ಎಪ್ಪತ್ತು ದಾಟಿದ, ಒಣಗಿದ ಮೆಣಸಿನಕಾಯಿಯಂಥ ಗಟ್ಟಿ ಮುದುಕಿ. ಅಕ್ಕನ ಪಕ್ಕ ಕುಳಿತು, "ನಿಂಗ ಎಷ್ಟು ಬಾಟಲಿ ಹಾಕಿದ್ರು?" ಎಂದು ಕೇಳಿದಳು. ಅಕ್ಕ ಕೀಮೋ ಆರು ಸಲ ಎಂದಳು. "ನಂಗ ಎಂಟು," ಎಂದು ಮುದುಕಿ ಗೆದ್ದವಳಂತೆ ನಕ್ಕಳು. ಆಮೇಲೆ ಇಬ್ಬರೂ ನಾಲಿಗೆಯ ರುಚಿ ಹೋದದ್ದು, ಉಗುರು ಕಪ್ಪಾದದ್ದು, ನರ್ಸಮ್ಮನ ಸಿಟ್ಟು ಎಲ್ಲವನ್ನೂ ಹಂಚಿಕೊಂಡರು. ಬಹಳ ದಿನದ ಗೆಳತಿಯರ ಹಾಗೆ.

ಕಡೆಗೆ ಗೋಡೆಯ ಮೇಲೆ ಬಂದದ್ದು ಇಷ್ಟು: "ದಿನಾಲು ಹಣ್ಣು ತರಕಾರಿ ತಿನ್ನಿರಿ. ಕೆಲವು ಕ್ಯಾನ್ಸರ್ ಬರುವುದು ಸ್ವಲ್ಪ ಕಡಿಮೆಯಾಗಬಹುದು. ತಂಬಾಕು ಮುಟ್ಟಬೇಡಿರಿ. ಕಾಯಿಲೆ ಬಂದರೆ ಯಾರದೂ ತಪ್ಪಲ್ಲ. ಬೇಗ ದವಾಖಾನೆಗೆ ಹೋಗಿರಿ." ಯಾರದೂ ತಪ್ಪಲ್ಲ ಎಂಬ ಸಾಲು ಅಡುಗೆಯಾಕೆ ಬರೆಸಿದ್ದು. ತಂಬಾಕಿನ ಸಾಲು ನಾನು ಬರೆಯುವಾಗ ಅಕ್ಕ ಏಣಿಯ ಬುಡದಲ್ಲೇ ನಿಂತಿದ್ದಳು. ಕುಲುಕಾಡುವ ಬಸ್ಸಿನಲ್ಲಿ ನೆಟ್ಟಗೆ ಬರೆಯುವ ಕೈ ನನ್ನದು. ಆದರೆ ಅಲ್ಲಾಡದ ಏಣಿಯ ಮೇಲೆ ನಿಂತು ಬರೆದ ಅಕ್ಷರಗಳು ಸೊಟ್ಟಗಾದವು. ಮಕ್ಕಳು ಊಟಕ್ಕೆ ಸಾಲು ಹಿಡಿದಾಗ ಅಕ್ಕ ಅವರ ಮುಂದೆ ನಿಂತು, ಮೊದಲಿನ ಸಾಲು ತಾನು ತಪ್ಪು ಬರೆಸಿದ್ದೆಂದೂ ಈಗ ತಿದ್ದಿದ್ದೇನೆಂದೂ ಹೇಳಿದಳು. ಒಬ್ಬ ಹುಡುಗಿ ಕೈ ಎತ್ತಿ, "ಮೇಡಂರೀ, ಸ್ವಲ್ಪಾನೇ ಕಡಿಮಿ ಆಗೋದಿದ್ರ ಬದನಿಕಾಯಿ ಬಿಟ್ರ ನಡೀತದೇನ್ರಿ?" ಎಂದಳು. ಅಕ್ಕ ನಡೆಯುವುದಿಲ್ಲ ಎಂದಳು.

ಈಗ ಅಕ್ಕ ಆರು ತಿಂಗಳಿಗೊಮ್ಮೆ ತಪಾಸಣೆಗೆ ಬರುತ್ತಾಳೆ. ಭಾಲ್ಕಿಯಲ್ಲಿ ಯಾರಾದರೂ ಮೊಣಕಾಲು ಹೇಗಿದೆ ಎಂದರೆ, ಮೊಣಕಾಲಲ್ಲ ಎಂದು ಪೂರ್ತಿ ಹೇಳುತ್ತಾಳೆ. ಹಾಗೆ ಕೇಳಿಸಿಕೊಂಡ ಇಬ್ಬರು ಹೆಂಗಸರು ತಾವೂ ಹೋಗಿ ತೋರಿಸಿಕೊಂಡು ಬಂದಿದ್ದಾರೆ. ಗುಟಕಾ ಬಿಟ್ಟ ಮೇಲೆ ನನ್ನ ಕೆನ್ನೆಯ ಕಲೆ ಮಾಯವಾಗಿದೆ. ಆದರೂ ಹಲ್ಲಿನ ಡಾಕ್ಟರು ಬಾ ಎಂದಾಗ ಹೋಗಿ ಬಾಯಿ ತೆರೆಯುತ್ತೇನೆ.

ಹೋದ ಎಳ್ಳಮಾವಾಸ್ಯೆಗೆ ನನ್ನ ಹೆಂಡತಿಯ ತವರಾದ ಸಾಯಗಾಂವಕ್ಕೆ ಹಬ್ಬದ ಹೊಲದ ಊಟಕ್ಕೆಂದು ಎಲ್ಲರೂ ಹೋಗಿದ್ದೆವು. ಡ್ರೈವರ್ ಗೆಳೆಯನೂ ಮನೆಯವರನ್ನು ಕರೆದುಕೊಂಡು ಬಂದಿದ್ದ. ಹೊಲದಲ್ಲಿ ಜೋಳ ಎದೆಮಟ್ಟ ನಿಂತಿತ್ತು. ಹಸಿಕಾಳು, ಸೊಪ್ಪು, ಗೆಣಸು, ಸಿಕ್ಕಿದ ತರಕಾರಿಯೆಲ್ಲ ಕೂಡಿಸಿ ಕುದಿಸಿದ ಭಜ್ಜಿ, ಸಜ್ಜೆ ರೊಟ್ಟಿ, ಅಂಬಲಿ. ಅಕ್ಕನ ಕಥೆ ಆ ಊರಿಗೂ ಮುಟ್ಟಿತ್ತು. ಹೆಂಗಸರು ಸುತ್ತ ಕುಳಿತು ಒಂದೊಂದೇ ಕೇಳತೊಡಗಿದರು. ಒಬ್ಬಾಕೆ, "ಅಕ್ಕಾರ, ಅರಿಷಿಣ ಹಾಲು ಕುಡದ್ರ ಛಲೋ ಅಂತಾರಲ್ರೀ, ಖರೇನ್ರಿ?" ಎಂದಳು.

ಅಕ್ಕ ತುತ್ತು ನುಂಗಿ, "ನಂಗ ಗೊತ್ತಿಲ್ಲವ್ವ. ಡಾಕ್ಟರಿಗಿ ಕೇಳಿ ಹೇಳ್ತೇನಿ," ಎಂದಳು.

ನಾನೂ ಡ್ರೈವರ್ ಗೆಳೆಯನೂ ಮುಖ ಮುಖ ನೋಡಿಕೊಂಡೆವು. ಗೊತ್ತಿಲ್ಲ ಎಂಬ ಮಾತನ್ನು ಅಕ್ಕನ ಬಾಯಿಂದ ನಾವಿಬ್ಬರೂ ಯಾವತ್ತೂ ಕೇಳಿರಲಿಲ್ಲ. ಅವಳು ನಮ್ಮನ್ನು ಗಮನಿಸಲೇ ಇಲ್ಲ. ತಟ್ಟೆ ಮುಂದೆ ಚಾಚಿ ನನ್ನ ಹೆಂಡತಿಗೆ, "ಇನ್ನೊಂದು ರೊಟ್ಟಿ ಹಾಕು, ಭಜ್ಜಿ ಜರಾ ಜಾಸ್ತಿ ಹಾಕು," ಎಂದಳು.